ಭೂನ್ಯಾಯಮಂಡಳಿ ಮತ್ತು ನ್ಯಾಯದ ಅಳತೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಿರಿಯರೊಡನೆ ‘ಡಿಕ್ಲರೇಶನ್’ ಎಂದು ನೋಡಿ. ಒಬ್ಬರಿಗೆ ಅದು ಸ್ವಂತ ಭೂಮಿ ಬಂದ ನೆನಪು; ಇನ್ನೊಬ್ಬರಿಗೆ ಮನೆತನದ ಗದ್ದೆ ಹೋದ ನೆನಪು. ಕಾನೂನು ಒಂದೇ, ವಿಚಾರಣೆಯ ಕ್ರಮವೂ ಒಂದೇ. ನ್ಯಾಯವಾಯಿತೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಎರಡು. ಏಕೆ?

ದಕ್ಷಿಣ ಕನ್ನಡದ ಬಹುಪಾಲು ಸಾಗುವಳಿ ಗೇಣಿಯ ಮೇಲೆ ನಡೆಯುತ್ತಿತ್ತು. ಮೂಲಗೇಣಿ ಶಾಶ್ವತವಾದರೆ, ಚಾಲಗೇಣಿಯ ಒಕ್ಕಲನ್ನು ಒಡೆಯ ಬಿಡಿಸಬಹುದಿತ್ತು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು ಇದನ್ನು ತಲೆಕೆಳಗು ಮಾಡಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ಕೊನೆಯ ದಿನ ಮುಂದೆ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ತೀರ್ಮಾನಿಸುವುದು ತಾಲ್ಲೂಕಿನ ಭೂನ್ಯಾಯಮಂಡಳಿ: ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೂಲ ನಿಯಮದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ತುಳು ಮಾತಿನ ಒಕ್ಕಲು ತನ್ನ ಕಥೆಯನ್ನು ತಾನೇ ಹೇಳಬೇಕಿತ್ತು.

ಇದೇ ಹೊತ್ತಿಗೆ, 1975ರಲ್ಲಿ, ಅಮೆರಿಕದ ಮನೋವಿಜ್ಞಾನಿ ಜಾನ್ ತಿಬೋ ಮತ್ತು ಕಾನೂನು ಪಂಡಿತ ಲಾರೆನ್ಸ್ ವಾಕರ್ ತಮ್ಮ ಪ್ರಯೋಗಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ತನ್ನ ಪಕ್ಷವನ್ನು ಮಂಡಿಸಲು ಅವಕಾಶ ಸಿಕ್ಕವನು ಸೋತರೂ ತೀರ್ಪನ್ನು ಹೆಚ್ಚು ನ್ಯಾಯಯುತವೆಂದು ಕಾಣುತ್ತಾನೆ ಎಂಬುದು ಅವರ ನಿರ್ಣಯ. ಹಾಗಾದರೆ ನಮ್ಮ ಮಂಡಳಿಗಳ ಎದುರು ಸೋತವರೂ ಸಮಾಧಾನಗೊಳ್ಳಬೇಕಿತ್ತಲ್ಲವೆ?

ಇಲ್ಲಿ ನೈತಿಕ ನಂಬಿಕೆ ಅಡ್ಡ ಬರುತ್ತದೆ. ಅಡಿಕೆಗೆ ಯಾವ ಗೊಬ್ಬರ ಲೇಸು ಎಂಬಲ್ಲೂ ನಮಗೆ ಗಟ್ಟಿ ಅಭಿಪ್ರಾಯವಿರಬಹುದು. ಅದು ಸರಿ-ತಪ್ಪಿನ ನಂಬಿಕೆಯಲ್ಲ. ನೈತಿಕ ನಂಬಿಕೆ ಇರುವೆಡೆ ಜನ ವಿಧಾನಕ್ಕಿಂತ ಫಲಿತಾಂಶ ನೋಡಿ ನ್ಯಾಯ ಅಳೆಯುತ್ತಾರೆ ಎಂದು ಲಿಂಡಾ ಸ್ಕಿಟ್ಕಾ 2002ರಲ್ಲಿ ವಾದಿಸಿದರು. ವಿಧಾನದ ಪ್ರಭಾವ ಅಷ್ಟು ಸುಲಭವಾಗಿ ಅಳಿಯದೆಂದು ನೇಪಿಯರ್ ಮತ್ತು ಟೈಲರ್ 2008ರಲ್ಲಿ ಆಕ್ಷೇಪಿಸಿದರು. ವಿವಾದ ಮುಗಿದಿಲ್ಲ.

ನಮ್ಮಲ್ಲಿ ಎರಡೂ ಕಡೆ ಅಂಥ ನಂಬಿಕೆಯಿತ್ತೆಂದು ನನಗನಿಸುತ್ತದೆ. ಉತ್ತವನಿಗೆ ಬೆವರಿನ ಹಕ್ಕು. ಇತ್ತ ಗೇಣಿಗೆ ಕೊಟ್ಟ ತುಂಡು ಭೂಮಿಯನ್ನೇ ನಂಬಿದ್ದ ವಿಧವೆಗೂ ಕಾನೂನು ವಿನಾಯಿತಿ ಉಳಿಸಲಿಲ್ಲ. ಮೂಡುಬಿದಿರೆಯಂಥ ಬಸದಿಗಳ ಊರಿನಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ; ಧಾರ್ಮಿಕ ಸಂಸ್ಥೆಗಳಿಗೆ ಗೇಣಿಯ ಬದಲು ವರ್ಷಾಶನ ಗೊತ್ತಾಯಿತು.

1974ರಲ್ಲಿ 25 ವರ್ಷದವರಾಗಿದ್ದವರಿಗೆ ಈಗ 75 ದಾಟಿದೆ. ವಿದ್ಯಾರ್ಥಿಗಳು ಅವರನ್ನು ಸಂದರ್ಶಿಸುವುದಾದರೆ ಒಂದು ಎಚ್ಚರಿಕೆ. ನ್ಯಾಯದ ತೀರ್ಮಾನದಲ್ಲಿ ಮೊದಲು ತಿಳಿದ ಸಂಗತಿಯ ತೂಕ ಹೆಚ್ಚು ಎಂದು ಡಚ್ ಸಂಶೋಧಕ ಕೇಸ್ ವಾನ್ ಡೆನ್ ಬೋಸ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದ್ದಾರೆ. ಅರ್ಧದಷ್ಟು ಮಂದಿಗೆ ವಿಚಾರಣೆಯ ಬಗ್ಗೆ ಮೊದಲು ಕೇಳಿ. ಉಳಿದವರಿಗೆ ಭೂಮಿ ಯಾರಿಗಾಯಿತು ಎಂದು ಮೊದಲು ಕೇಳಿ.