ಗುಡುಗುಡಿ: ಕ್ಯಾಸೆಟ್ಟಿನಿಂದ ಗಿಟಾರಿನವರೆಗೆ

"ಶರೀಫಜ್ಜನ ಹಾಡನ್ನ ಕೆಡಿಸಿಬಿಟ್ಟ ಕಣಯ್ಯಾ..."

ರಘು ದೀಕ್ಷಿತ್ ಹಾಡಿರುವ 'ಗುಡುಗುಡಿಯ ಸೇದಿ ನೋಡೋ' ಬಗ್ಗೆ ಈ ಮಾತನ್ನ ನಾನು ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲೇ ಕೇಳಿದ್ದೀನಿ, ಅದೂ ಅಪ್ಪನ ಬಾಯಲ್ಲಿ. ತುಮಕೂರಿಂದ ಬೆಂಗಳೂರಿಗೆ ಹೋಗುವ ರೈಲಲ್ಲಿ ಪಕ್ಕದಲ್ಲಿ ಕೂತವರಿಂದಲೂ ಕೇಳಿದ್ದೀನಿ. ದೂರು ಯಾವಾಗಲೂ ಒಂದೇ: 'ಮೂಲ ಧಾಟಿ ಬಿಟ್ಟ'.

ಸರಿ. ಹಾಗಾದ್ರೆ ಮೂಲ ಧಾಟಿ ಯಾವುದು? ನನಗೆ ತಲೆ ಕೆಟ್ಟಿದ್ದು ಈ ಪ್ರಶ್ನೆಯಿಂದ. ಬಗ್ ಹುಡುಕೋರಿಗೆ 'ಮೊದಲು ಸರಿಯಾಗೇ ಇತ್ತು' ಅಂದ್ರೆ ಸಾಕಾಗಲ್ಲ ನೋಡಿ, ಯಾವ ವರ್ಷನ್‌ನಲ್ಲಿ ಅಂತ ಕೇಳೋದು ಅಭ್ಯಾಸ :)

ಹಾಡಿನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಗುಡುಗುಡಿ ಅಂದ್ರೆ ಹುಕ್ಕಾ. ಶರೀಫರು ಅದನ್ನ ಸೇದು ಅಂತ ಕರೆಯೋದು ಹೊಗೆಯ ಆಸೆಗಲ್ಲ. ಸಂಚಿ, ಚಿಲುಮೆ, ಕೆಂಡ ಎಲ್ಲವೂ ಮನುಷ್ಯನ ಒಳಗೇ ಇವೆ, ಅಲ್ಲಿ ಸುಡಬೇಕಾದ್ದು ಮೋಹ. ಹಳ್ಳಿ ಜಗಲಿಯ ಮೇಲೆ ದಿನವೂ ಕಾಣುವ ಸಾಮಾನನ್ನೇ ಇಟ್ಟುಕೊಂಡು ವೇದಾಂತ ಹೇಳೋದು ತತ್ವಪದಕಾರರ ಹಳೇ ವಿದ್ಯೆ. ನಮ್ಮ ಹಾಸ್ಟೆಲ್ಲಿನಲ್ಲಿ ಮಾತ್ರ ಈ ಹಾಡು ಸಿಗರೇಟು ಹಚ್ಚೋಕೆ ಹೊರಟವರ ರಾಷ್ಟ್ರಗೀತೆ ಆಗಿತ್ತು ಅನ್ನೋದು ಬೇರೆ ಮಾತು!

ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡಿದ್ದು 1889ರಲ್ಲಿ. ಊರು ಶಿಶುವಿನಹಾಳ, ಈಗಿನ ಹಾವೇರಿ ಜಿಲ್ಲೆ, ಶಿಗ್ಗಾವಿ ತಾಲೂಕು. ಗುರು ಕಳಸದ ಗೋವಿಂದ ಭಟ್ಟರು. ಶರೀಫರ ಕಾಲಕ್ಕೆ ಧ್ವನಿಮುದ್ರಣ ಈ ಕಡೆ ಬಂದೇ ಇರಲಿಲ್ಲ. ಎಡಿಸನ್ ಫೋನೋಗ್ರಾಫ್ ಮಾಡಿದ್ದೇ 1877ರಲ್ಲಿ. ಅಂದಮೇಲೆ ಅವರು ಯಾವ ಧಾಟಿಯಲ್ಲಿ ಹಾಡಿದರು ಅನ್ನೋದಕ್ಕೆ ಉಳಿದಿದ್ದು ಬಾಯಿಂದ ಬಾಯಿಗೆ ಬಂದಿದ್ದಷ್ಟೇ. ಬಾಯಿ ಬದಲಾದ ಹಾಗೆ ಧಾಟಿಯೂ ಬದಲಾಗುತ್ತೆ. ಭಜನೆ ಮೇಳಕ್ಕೊಂದು ಮಟ್ಟು.

ಇನ್ನು ನಮ್ಮ ಕಡೆ ವಿಷಯಕ್ಕೆ ಬರ್ತೀನಿ. ನಮ್ಮ ತಾತ ಕುಣಿಗಲ್ ತಾಲೂಕಿನವರು, ಹಳ್ಳಿಯ ಭಜನೆ ಮೇಳದಲ್ಲಿ ಏಕತಾರಿ ಹಿಡಿದು ರಾತ್ರಿಯೆಲ್ಲ ಹಾಡ್ತಿದ್ದವರು. ತೋಂಟದ ಸಿದ್ಧಲಿಂಗರ ಗದ್ದುಗೆ ಇರುವ ಎಡೆಯೂರು ಅದೇ ತಾಲೂಕು. ಆ ಕಡೆ ಜನಕ್ಕೆ ವಚನ, ತತ್ವಪದ ಹೊಸದೇನಲ್ಲ. ನಿಜಗುಣ ಶಿವಯೋಗಿಗಳು, ಸರ್ಪಭೂಷಣ ಶಿವಯೋಗಿಗಳು, ಇವರದೆಲ್ಲ ತಾತನಿಗೆ ಬಾಯಿಪಾಠ. ಆದರೆ ಶರೀಫ? ಗೊತ್ತಿರಲಿಲ್ಲ! ಅಪ್ಪ ಹೇಳೋ ಪ್ರಕಾರ ತಾತನ ಮೇಳಕ್ಕೆ ಶರೀಫರ ಪದ ಸೇರಿದ್ದು ಮನೆಗೆ ಟೇಪ್ ರೆಕಾರ್ಡರ್ ಬಂದ ಮೇಲೆ. ಧಾರವಾಡ ಸೀಮೆಯ ಸಂತ ನಮ್ಮ ತಾತನ ಹತ್ತಿರ ಕಾಲ್ನಡಿಗೆಯಲ್ಲಿ ಬರಲಿಲ್ಲ, ಮ್ಯಾಗ್ನೆಟಿಕ್ ಟೇಪಿನ ಮೇಲೆ ಬಂದರು.

ಆ ಟೇಪಿನ ಕತೆಯೂ ಸ್ವಲ್ಪ ನೋಡಿ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸ್ತಿದ್ದದ್ದು ಮೂರು ನಿಮಿಷದಷ್ಟು. ಗುಬ್ಬಿ ಕಂಪನಿ ಕಾಲದ ನಾಟಕದ ಹಾಡುಗಳೆಲ್ಲ ಅಷ್ಟರಲ್ಲೇ ಮುಗೀಬೇಕಿತ್ತು. ಆಮೇಲೆ ಎಲ್ಪಿ ತಟ್ಟೆ ಬಂತು, ಆದರೆ ಅದರ ಪ್ಲೇಯರ್ ಎಷ್ಟು ಮನೆಯಲ್ಲಿತ್ತು ಹೇಳಿ? ಕ್ಯಾಸೆಟ್ ಅಗ್ಗ, ಜೇಬಲ್ಲಿ ಹಿಡಿಸುತ್ತೆ, ಪಕ್ಕದ ಮನೆಯವರು ಕಾಪಿ ಹೊಡ್ಕೊಬಹುದು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅಂತ ಹೆಸರಾದ 'ನಿತ್ಯೋತ್ಸವ' ಬಂದಿದ್ದು 1978ರಲ್ಲಿ. ಕೆ.ಎಸ್. ನಿಸಾರ್ ಅಹಮದ್ ಕವಿತೆಗಳು, ಮೈಸೂರು ಅನಂತಸ್ವಾಮಿ ಸಂಗೀತ. ಅದು ದಾರಿ ತೆಗೆದ ಮೇಲೆ ಕವಿಗಳೆಲ್ಲ ಒಬ್ಬೊಬ್ಬರಾಗಿ ಟೇಪಿಗೆ ಇಳಿದರು. ಶರೀಫರನ್ನ ಹಳೇ ಮೈಸೂರು ಸೀಮೆಗೆ ಪರಿಚಯ ಮಾಡಿಸಿದ್ದರಲ್ಲಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಪಾಲು ದೊಡ್ಡದು, ದನಿ ಕೊಟ್ಟಿದ್ದು ಸಿ. ಅಶ್ವತ್ಥ್.

ಅಶ್ವತ್ಥ್ ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ, 1939ರಲ್ಲಿ. ಬೆಂಗಳೂರಿನ ಐಟಿಐನಲ್ಲಿ, ಅಂದರೆ ಟೆಲಿಫೋನ್ ತಯಾರಿಸುವ ಕಾರ್ಖಾನೆಯಲ್ಲಿ, ವರ್ಷಗಟ್ಟಲೆ ನೌಕರಿ ಮಾಡಿದವರು. ದೇವಗಿರಿ ಶಂಕರರಾವ್ ಜೋಶಿಯವರ ಹತ್ತಿರ ಹಿಂದೂಸ್ತಾನಿ ಕಲಿತವರು. ಸಿನಿಮಾ ಮತ್ತು ನಾಟಕಕ್ಕೆ ಸಂಗೀತ ಮಾಡಿದವರು. ಅಂಥವರು ಸ್ಟುಡಿಯೋದಲ್ಲಿ ಕೂತು, ತಬಲಾ ಕೊಳಲು ಕೂರಿಸಿ, ತಮ್ಮ ಆ ಎತ್ತರದ ಗಂಟಲಲ್ಲಿ ಹಾಡಿದ್ದು ನಮಗೆಲ್ಲ 'ಮೂಲ' ಆಗಿಹೋಗಿದೆ! ಶರೀಫರು ತೀರಿಕೊಂಡು ಸುಮಾರು ನೂರು ವರ್ಷವಾದ ಮೇಲೆ ಆದ ಕೆಲಸ ಅದು. ಅಶ್ವತ್ಥ್ ಮಾಡಿದ್ದು ಕಡಿಮೆ ಅಂತ ನಾನು ಹೇಳ್ತಿಲ್ಲ. ಉಲ್ಟಾ ಹೇಳ್ತಿದ್ದೀನಿ. ಅಷ್ಟು ಚೆನ್ನಾಗಿ ಮಾಡಿದ್ದಕ್ಕೇ ಅದು ಮಾಡಿದ್ದು ಅಂತ ಯಾರಿಗೂ ಅನ್ನಿಸೋದಿಲ್ಲ.

ಆಮೇಲೆ ಬಂತು ಸಿನಿಮಾ. 1990ರ 'ಸಂತ ಶಿಶುನಾಳ ಶರೀಫ'. ಟಿ.ಎಸ್. ನಾಗಾಭರಣ ನಿರ್ದೇಶನ. ಕನ್ನಡದಲ್ಲಿ 'ಹೊಸ ಅಲೆ' ಅಂತ ಕರೀತಿದ್ದರಲ್ಲ, 1978ರ 'ಗ್ರಹಣ'ದ ಮೂಲಕ ಆ ಅಲೆಯಲ್ಲಿ ಬಂದವರು ಅವರು. ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್, ಶರೀಫರಾಗಿ ಶ್ರೀಧರ್. ಸಂಗೀತ ಮತ್ತೆ ಅಶ್ವತ್ಥ್. ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿಯೂ ಬಂತು. ಕ್ಯಾಸೆಟ್ ದನಿಯನ್ನ ಗಟ್ಟಿ ಮಾಡಿದ್ದರೆ ಸಿನಿಮಾ ಮುಖವನ್ನೂ ಗಟ್ಟಿ ಮಾಡಿತು. ಕಣ್ಣು ಮುಚ್ಚಿ ಶರೀಫ ಅಂದ್ರೆ ನನಗೆ ಶ್ರೀಧರ್ ಕಾಣ್ತಾರೆ, ನಿಮಗೆ? ಆ ಹಾಡುಗಳಿಗೆ ನಮ್ಮ ತಲೆಯಲ್ಲಿರೋ 'ವೀಡಿಯೋ' ಅಂದ್ರೆ ಅದೇ.

ಇಂಥ ಹಾಡನ್ನ ಕೈಗೆತ್ತಿಕೊಂಡವರು ರಘು ದೀಕ್ಷಿತ್. ಮೈಸೂರಿನ ಹುಡುಗ, ಮೈಕ್ರೋಬಯಾಲಜಿ ಓದಿ ಚಿನ್ನದ ಪದಕ ತಗೊಂಡವರು, ಬೆಲ್ಜಿಯಂನಲ್ಲಿ ಕೆಲಸಕ್ಕಿದ್ದು ಬಿಟ್ಟು ಬಂದವರು. ಮೊದಲು 'ಅಂತರಾಗ್ನಿ' ಅಂತ ಬ್ಯಾಂಡ್ ಕಟ್ಟಿದರು. ಆಲ್ಬಮ್ ಮಾಡೋಕೆ ಮಾತ್ರ ವರ್ಷಾನುಗಟ್ಟಲೆ ಯಾವ ಕಂಪನಿಯೂ ಸಿಗಲಿಲ್ಲ. ಮುಂಬೈನಲ್ಲಿ ಪವಾಡಕ್ಕೆ ಕಾಯ್ತಾ ಇದ್ದೀನಿ ಅನ್ನೋ ಅರ್ಥದ ಶೀರ್ಷಿಕೆಯ ಒಂದು ಇಂಗ್ಲಿಷ್ ಹಾಡೇ ಆ ಆಲ್ಬಮ್ಮಿನಲ್ಲಿದೆ! ಕೊನೆಗೆ ಹಿಂದಿ ಸಿನಿಮಾದ ವಿಶಾಲ್-ಶೇಖರ್ ಜೋಡಿ ಇವರನ್ನ ಮುಂಬೈನಲ್ಲಿ ಕೇಳಿ, ತಮ್ಮದೇ ಕೌಂಟರ್ ಕಲ್ಚರ್ ಅನ್ನೋ ಲೇಬಲ್ ಮೂಲಕ 2008ರಲ್ಲಿ ಹೊರತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರದ್ದು ಎರಡು: 'ಗುಡುಗುಡಿ', ಇನ್ನೊಂದು 'ಸೋರುತಿಹುದು ಮನೆಯ ಮಾಳಿಗಿ'. ಮುಂಬೈ ಲೇಬಲ್ಲಿನ ಆಲ್ಬಮ್ಮಿನಲ್ಲಿ ಎರಡು ತತ್ವಪದ. ಅಪ್ಪನ ಮುಂದೆ ನಾನು ಇಡೋ ಮೊದಲ ವಾದವೇ ಇದು.

ರಘು ಧಾಟಿ ಬೇರೆ. ಅಕೌಸ್ಟಿಕ್ ಗಿಟಾರಿನ ಓಟ ಇದೆ, ಕುಣಿಯೋ ಲಯ ಇದೆ. ವೇದಿಕೆ ಮೇಲಿನ ವೀಡಿಯೋ ನೋಡಿದರೆ ಬಣ್ಣಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ಆ ಗೆಜ್ಜೆ ಬರೀ ವೇಷ ಅಂತ ಬಹಳ ದಿನ ಜನ ನಗ್ತಿದ್ದರು. ಆದರೆ ರಘು ಭರತನಾಟ್ಯ ಕಲಿತವರು. ಸಿನಿಮಾದಲ್ಲಿ ಶರೀಫರಾದ ಶ್ರೀಧರ್ ಕೂಡ ಭರತನಾಟ್ಯ ಕಲಾವಿದರೇ! ಈ ಪದಗಳಿಗೆ ನಮ್ಮ ಕಾಲದಲ್ಲಿ ಸಿಕ್ಕ ಎರಡು ಮೈಗಳೂ ಗೆಜ್ಜೆ ಕಟ್ಟಿದ ಮೈಗಳು. ಯಾರೂ ಪ್ಲಾನ್ ಮಾಡಿದ್ದಲ್ಲ, ಆದರೂ ನೋಡಿ...

2010ರ ನವೆಂಬರಿನಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಈ ಬ್ಯಾಂಡ್ ನುಡಿಸಿತು. ಅದಾದ ಮೇಲೆ ಎರಡು ವರ್ಷ ಹಳೆಯ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಜೂಲ್ಸ್ ಯಾರು ಅಂದ್ರೆ, 1970ರ ದಶಕದ ಲಂಡನ್ನಿನ ಸ್ಕ್ವೀಜ್ ಬ್ಯಾಂಡಿನ ಕೀಬೋರ್ಡ್ ವಾದಕ. ಪಂಕ್ ಗಲಾಟೆ ಆದಮೇಲೆ ಬಂದ ಇಂಗ್ಲಿಷ್ 'ನ್ಯೂ ವೇವ್' ಬ್ಯಾಂಡುಗಳಲ್ಲಿ ಅದೂ ಒಂದು. ನಮ್ಮ ಹೊಸ ಅಲೆಯವರು ಸಿನಿಮಾ ಮಾಡಿದ ಶರೀಫರನ್ನ ಹಾಡುವವರಿಗೆ ಅವರ ನ್ಯೂ ವೇವಿನವನು ವೇದಿಕೆ ಕೊಟ್ಟ. ಹೆಸರಿನ ಮಟ್ಟಕ್ಕಷ್ಟೇ ಇರೋ ಕಾಕತಾಳೀಯ ಇದು, ಆದರೂ ನನಗೆ ಖುಷಿ.

ರಘು ಮಾಡಿದ್ದೆಲ್ಲ ನನಗೂ ಇಷ್ಟ ಅಂತಲ್ಲ. ಗುಡುಗುಡಿಯಲ್ಲಿ ವೇಗ ಹೆಚ್ಚು, ಚಿಲುಮೆ ಕೆಂಡಗಳ ಲೆಕ್ಕ ಕಿವಿಗೆ ಬೀಳೋ ಮೊದಲೇ ಕಾಲು ಕುಣಿಯುತ್ತೆ. ಹಾಸ್ಟೆಲ್ ಹುಡುಗರು ಅದನ್ನ ಹೊಗೆ ಹಾಡು ಅಂದುಕೊಂಡಿದ್ದಕ್ಕೆ ಅರ್ಧ ಕಾರಣ ಅದು. ಅಶ್ವತ್ಥ್ ಹಾಡೋವಾಗ ಮಾತು ಮೊದಲು, ತಾಳ ಆಮೇಲೆ. ಈ ಒಂದು ವಿಷಯದಲ್ಲಿ ನಾನು ಅಪ್ಪನ ಪಕ್ಷ.

ಆದರೆ 'ಕೆಡಿಸಿದ' ಅನ್ನೋದಾದ್ರೆ ನಿಜವಾಗಿ ಕಳೆದುಹೋಗಿದ್ದು ಬೇರೆ. ಕ್ಯಾಸೆಟ್ ಬಂದ ಮೇಲೆ ತಾತನ ಮೇಳದವರು ಶರೀಫರನ್ನ ಅಶ್ವತ್ಥ್ ಮಟ್ಟಿನಲ್ಲೇ ಹಾಡೋಕೆ ಶುರು ಮಾಡಿದರಂತೆ. ಮೆಲ್ಲಗೆ ಜಾತ್ರೆಯಲ್ಲಿ ಜನ ಅದನ್ನೇ ಕೇಳಿದರು, ಮೇಳದ ಹಳೇ ಪದಗಳು ಹಿಂದಕ್ಕೆ ಸರಿದವು. ನಿಜಗುಣರ ಪದಕ್ಕೆ ತಾತ ಹಾಕ್ತಿದ್ದ ಮಟ್ಟು ಯಾವ ಟೇಪಿನಲ್ಲೂ ಇಲ್ಲ. ಅಪ್ಪನಿಗೆ ಒಂದು ಪಲ್ಲವಿಯ ಅರ್ಧ ನೆನಪಿದೆ, ಸ್ನಾನ ಮಾಡುವಾಗ ಗುನುಗ್ತಾರೆ. ಹೊರಗೆ ಬಂದ ಮೇಲೆ ಕೇಳಿದರೆ ಬರಲ್ಲ ಅಂತಾರೆ.

ಹುಬ್ಬಳ್ಳಿ, ಶಿಗ್ಗಾವಿ, ಹಾವೇರಿ ಕಡೆಯ ಬ್ಲಾಗಿಗರು ಯಾರಾದ್ರೂ ಇದನ್ನ ಓದ್ತಿದ್ದರೆ ಒಂದು ಕೋರಿಕೆ. ನಿಮ್ಮೂರಿನ ಭಜನೆಯಲ್ಲಿ ಗುಡುಗುಡಿಯನ್ನ ಯಾವ ಧಾಟಿಯಲ್ಲಿ ಹಾಡ್ತಾರೆ? ಕ್ಯಾಸೆಟ್ ಕೇಳದೆ ಕಲಿತ ಅಜ್ಜಂದಿರು ಇನ್ನೂ ಇದ್ದರೆ, ಮೊಬೈಲಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ ಕಳಿಸ್ತೀರಾ? ಅಪ್ಪನಿಗೆ ಕೇಳಿಸಬೇಕು.