ಪುರರವಿಯ ನಿರೀಕ್ಷೆ: ಎರಡು ಧೂಮಕೇತುಗಳು

ಧೂಮಕೇತುವಿನ ಪಥವನ್ನು ಗಣಿತವು ನಿಖರವಾಗಿ ಹೇಳಬಲ್ಲುದು, ಅದರ ಕಾಂತಿಯನ್ನಲ್ಲ. ಕರ್ನಾಟಕದ ವೀಕ್ಷಕರು ಕಾದುನಿಂತ ಎರಡು ಧೂಮಕೇತುಗಳು ಇದಕ್ಕೆ ನಿದರ್ಶನ.

2012ರ ಸೆಪ್ಟೆಂಬರಿನಲ್ಲಿ ಪತ್ತೆಯಾದ ಐಸಾನ್ ‘ಶತಮಾನದ ಧೂಮಕೇತು’ ಎನಿಸಿತ್ತು. ಹೊಸಕೋಟೆಯಿಂದ ನಿಯಂತ್ರಿತವಾಗುವ ಹಾನ್ಲೆಯ 2 ಮೀಟರ್ ದೂರದರ್ಶಕ ಅದರ ಚಿತ್ರ ತೆಗೆದಿತ್ತು. 2013ರ ನವೆಂಬರ್ 28ರಂದು, ಸೂರ್ಯನ ಮೇಲ್ಮೈಯಿಂದ ಸುಮಾರು 12 ಲಕ್ಷ ಕಿ.ಮೀ. ದೂರದಲ್ಲಿ ಹಾಯುವ ವೇಳೆಗೆ, ಅದರ ಕಿರಿದಾದ ನಾಭಿ ಛಿದ್ರವಾಯಿತು.

ತ್ಸುಚಿನ್‌ಷಾನ್–ಅಟ್ಲಾಸಿನದು ಇದಕ್ಕೆ ವಿರುದ್ಧವಾದ ಕಥೆ. ಅದು ಪುರರವಿಗೆ ಮೊದಲೇ ಒಡೆಯುವುದೆಂದು ಖಗೋಳಜ್ಞ ಸೆಕನೀನಾ 2024ರ ಜುಲೈನಲ್ಲಿ ಪ್ರತಿಪಾದಿಸಿದರು. ಆದರೆ ಸೆಪ್ಟೆಂಬರ್ 27ರಂದು ಸೂರ್ಯನಿಂದ ಸುಮಾರು 5.8 ಕೋಟಿ ಕಿ.ಮೀ. ದೂರದಲ್ಲಿ ಹಾದು ಅದು ಉಳಿಯಿತು. ಬೆಂಗಳೂರಿನ ಮುಂಜಾವಿನ ಬಾನಿನಲ್ಲಿ ಛಾಯಾಚಿತ್ರಗಳಿಗೂ ದಕ್ಕಿತು.

ಆದುದರಿಂದ ಧೂಮಕೇತುಗಳ ಇತಿಹಾಸವನ್ನು ಬರೆಯುವವರಿಗೆ ಕಂಡದ್ದರ ದಾಖಲೆಯಷ್ಟೇ ಕಾದದ್ದರ ದಾಖಲೆಯೂ ಆಕರವಾಗುತ್ತದೆ.