ದಾಸವಾಳದ ಗೊಂಪು

ದಾಸವಾಳದ ಎಲೆಗಳನ್ನು ನೀರಿನಲ್ಲಿ ಕಿವುಚಿ, ಸೋಸಿ ಪಡೆಯುವ ಲೋಳೆಗೆ ಮಲೆನಾಡಿನ ಮನೆಗಳಲ್ಲಿ ಗೊಂಪು ಎನ್ನುತ್ತಾರೆ. ಎಣ್ಣೆಸ್ನಾನದ ವೇಳೆ ತಲೆ ತೊಳೆಯಲು ಇದನ್ನು ಬಳಸುವುದುಂಟು. ಒಣ ನೆತ್ತಿಗೆ ಇದು ರೂಢಿಯಲ್ಲಿರುವ ಮನೆಮದ್ದು.

ಗುಣ

ಲೋಳೆಯಲ್ಲಿರುವ ಪಾಲಿಸ್ಯಾಕರೈಡ್‌ಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಸೀಗೆಕಾಯಿಯಲ್ಲಿ ಸಪೋನಿನ್ ಇದ್ದು, ಅದು ಜಿಡ್ಡನ್ನು ತೆಗೆಯುತ್ತದೆ. ಆದ್ದರಿಂದ ಸೀಗೆಪುಡಿಯ ಅತಿಯಾದ ಬಳಕೆಯಿಂದ ಒಣ ನೆತ್ತಿ ಇನ್ನಷ್ಟು ಒಣಗಬಹುದು.

ಎಚ್ಚರಿಕೆ

ತಲೆಹೊಟ್ಟೆಲ್ಲವೂ ಶುಷ್ಕತೆಯಿಂದ ಉಂಟಾಗುವುದಿಲ್ಲ. ನೆತ್ತಿಯ ಜಿಡ್ಡನ್ನು ಆಶ್ರಯಿಸಿ ಬೆಳೆಯುವ ಮಲಸೀಜಿಯಾ ಎಂಬ ಶಿಲೀಂಧ್ರವೂ ಅದಕ್ಕೆ ಕಾರಣವಾಗುತ್ತದೆ. ಅಂತಹ ಹೊಟ್ಟು ಎಣ್ಣೆ ಹಚ್ಚುವುದರಿಂದ ಹೆಚ್ಚಬಹುದು. ಗೊಂಪು ಅದಕ್ಕೆ ಚಿಕಿತ್ಸೆಯಲ್ಲ. ನೆತ್ತಿ ಕೆಂಪಾಗಿದ್ದರೆ, ತುರಿಕೆ ನಿಲ್ಲದಿದ್ದರೆ ಅಥವಾ ಕೂದಲು ತೇಪೆತೇಪೆಯಾಗಿ ಉದುರುತ್ತಿದ್ದರೆ ಚರ್ಮರೋಗ ತಜ್ಞರನ್ನು ಕಾಣುವುದು ಅಗತ್ಯ.